ಯಾವ ಜಿಗಿತ, ಯಾವ ಲ್ಯಾಂಡಿಂಗ್, ಯಾರಿಗೆ? ತರಬೇತಿಯ ಆಯ್ಕೆಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಜಿಗಿತದ ವ್ಯಾಯಾಮಗಳನ್ನು ಆರಿಸಲು ಕುಳಿತ ಕ್ರೀಡಾಪಟುವಾಗಲಿ ತರಬೇತುದಾರರಾಗಲಿ ಸಾಮಾನ್ಯವಾಗಿ ಎತ್ತರದ ಲೆಕ್ಕದಿಂದಲೇ ಶುರುಮಾಡುತ್ತಾರೆ: ಎಷ್ಟು ಎತ್ತರದ ಬಾಕ್ಸ್, ಎಷ್ಟು ಸೆಂಟಿಮೀಟರ್ ಜಿಗಿತ. ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆಗಳು ಎರಡಿವೆ. ನಿಮ್ಮ ಆಟದಲ್ಲಿ ಜಿಗಿಯುವ ಮುನ್ನ ಪಾದ ಎಷ್ಟು ಹೊತ್ತು ನೆಲದ ಮೇಲಿರುತ್ತದೆ? ಇಳಿದ ಮೇಲೆ ದೇಹ ನಿಲ್ಲಬೇಕೋ, ಮತ್ತೆ ಪುಟಿಯಬೇಕೋ? ಈ ಎರಡಕ್ಕೂ ಉತ್ತರ ಸಿಕ್ಕರೆ ಮುಂದಿನ ಆಯ್ಕೆಗಳಲ್ಲಿ ಹೆಚ್ಚಿನವು ತಾವಾಗಿಯೇ ತಿಳಿಯಾಗುತ್ತವೆ.

ಹೋಲಿಕೆಗೆ ಇಳಿಯುವ ಮೊದಲು ಸ್ವಲ್ಪ ಲೆಕ್ಕ ಅನಿವಾರ್ಯ. ಪಾದ ನೆಲ ಬಿಟ್ಟ ಕ್ಷಣದಲ್ಲಿ ದೇಹದ ಗುರುತ್ವ ಕೇಂದ್ರಕ್ಕೆ, ಅಂದರೆ ಇಡೀ ದೇಹದ ತೂಕದ ನಡುಬಿಂದುವಿಗೆ, ಎಷ್ಟು ವೇಗವಿತ್ತು ಎಂಬುದೇ ಅದು ಎಷ್ಟು ಮೇಲೇರುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಗಾಳಿಯಲ್ಲಿ ಕೈಕಾಲು ಹೇಗೆ ಆಡಿಸಿದರೂ ಆ ಕೇಂದ್ರದ ಹಾದಿ ಬದಲಾಗುವುದಿಲ್ಲ. ಗುರುತ್ವ ಕೇಂದ್ರ 40 ಸೆಂ.ಮೀ. ಏರಬೇಕಾದರೆ ನೆಲ ಬಿಡುವಾಗ ಸೆಕೆಂಡಿಗೆ ಸುಮಾರು 2.8 ಮೀಟರ್ ವೇಗ ಬೇಕು. ಈ ವೇಗ ಹುಟ್ಟುವುದು ದೇಹತೂಕವನ್ನು ಮೀರಿದ ಬಲ ಮತ್ತು ಆ ಬಲ ಕೆಲಸ ಮಾಡಿದ ಅವಧಿ, ಇವೆರಡರ ಗುಣಲಬ್ಧದಿಂದ. ನಿಂತಲ್ಲಿಂದಲೇ ಮೇಲೇಳುವ ವಾಲಿಬಾಲ್ ಆಟಗಾರ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ನೆಲವನ್ನು ಒತ್ತಬಲ್ಲ. ಓಡಿಬಂದು ಹಲಗೆಯ ಮೇಲೆ ಕಾಲೂರುವ ಲಾಂಗ್ ಜಂಪ್ ಪಟುವಿಗೆ ಸಿಗುವುದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಕಾಲ ಮಾತ್ರ. ಹೀಗಾಗಿ ಇಬ್ಬರಿಗೂ ಒಂದೇ ವ್ಯಾಯಾಮಪಟ್ಟಿ ಹೊಂದುವುದಿಲ್ಲ.

ಲ್ಯಾಂಡಿಂಗ್ ಇದೇ ಲೆಕ್ಕದ ತಿರುಗುಮುರುಗು. 30 ಸೆಂ.ಮೀ. ಎತ್ತರದಿಂದ ಬಿದ್ದ ದೇಹ ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಅಲ್ಲಿಂದ ಮುಂದೆ ಗುರುತ್ವ ಕೇಂದ್ರ 10 ಸೆಂ.ಮೀ. ಮಾತ್ರ ತಗ್ಗಿ ನಿಂತರೆ ಕಾಲುಗಳು ಸರಾಸರಿ ದೇಹತೂಕದ ನಾಲ್ಕು ಪಟ್ಟು ಬಲವನ್ನು ಹೊರಬೇಕಾಗುತ್ತದೆ, 30 ಸೆಂ.ಮೀ. ತಗ್ಗಲು ಬಿಟ್ಟರೆ ಎರಡು ಪಟ್ಟು ಸಾಕು. ಇವು ಸರಾಸರಿಗಳು. ಗರಿಷ್ಠ ಬಲ ಇವನ್ನು ಮೀರುತ್ತದೆ, ಅದೂ ನೆಲ ಮುಟ್ಟಿದ ಮೊದಲ ಹತ್ತಾರು ಮಿಲಿಸೆಕೆಂಡುಗಳಲ್ಲೇ.

ನಿಂತು ಜಿಗಿಯುವುದು, ತಗ್ಗಿ ಜಿಗಿಯುವುದು

ಸ್ಕ್ವಾಟ್ ಜಂಪ್‌ನಲ್ಲಿ ಮೊಣಕಾಲುಗಳನ್ನು ಸುಮಾರು 90 ಡಿಗ್ರಿಗೆ ಮಡಚಿ, ಎರಡು ಮೂರು ಸೆಕೆಂಡು ಅಲ್ಲಾಡದೆ ನಿಂತು, ಇನ್ನಷ್ಟು ತಗ್ಗದೆ ನೇರವಾಗಿ ಮೇಲಕ್ಕೆ ಜಿಗಿಯುತ್ತಾರೆ. ಕೌಂಟರ್‌ಮೂವ್‌ಮೆಂಟ್ ಜಂಪ್‌ನಲ್ಲಿ ನೇರ ನಿಂತ ಸ್ಥಿತಿಯಿಂದ ಚಕ್ಕನೆ ತಗ್ಗಿ, ತಡೆಯಿಲ್ಲದೆ ಮೇಲೆ ಚಿಮ್ಮುತ್ತಾರೆ. ಬಹುತೇಕ ಎಲ್ಲರೂ ಎರಡನೆಯದರಲ್ಲಿ ಕೆಲವು ಸೆಂಟಿಮೀಟರ್ ಹೆಚ್ಚು ಏರುತ್ತಾರೆ. ಹಿಗ್ಗಿದ ಸ್ನಾಯುರಜ್ಜುಗಳಲ್ಲಿ ಕೂಡಿಟ್ಟ ಶಕ್ತಿಯೇ ಇದಕ್ಕೆ ಕಾರಣವೆಂಬುದು ಹಳೆಯ ವಿವರಣೆ. 1996ರಲ್ಲಿ ಸಂಶೋಧಕ ಮಾರ್ಟನ್ ಬಾಬರ್ಟ್ ಮತ್ತು ಸಂಗಡಿಗರು ಇದಕ್ಕಿಂತ ಸರಳವಾದ ಕಾರಣವನ್ನು ಮುಂದಿಟ್ಟರು: ತಗ್ಗುತ್ತಿರುವ ದೇಹವನ್ನು ತಡೆದು ನಿಲ್ಲಿಸುವಷ್ಟರಲ್ಲಿ ಸ್ನಾಯುಗಳು ಪೂರ್ಣ ಬಲಕ್ಕೆ ಬಂದಿರುತ್ತವೆ, ಆದ್ದರಿಂದ ಮೇಲ್ಮುಖ ಚಲನೆಯ ಮೊದಲ ಸೆಂಟಿಮೀಟರಿನಿಂದಲೇ ಹೆಚ್ಚು ಕೆಲಸ ನಡೆಯುತ್ತದೆ. ನಿಂತ ಸ್ಥಿತಿಯಿಂದ ಶುರುವಾಗುವ ಜಿಗಿತದಲ್ಲಾದರೋ ಬಲ ಏರುತ್ತಿರುವಾಗಲೇ ಹಾದಿಯ ಒಂದಷ್ಟು ಭಾಗ ಕಳೆದುಹೋಗಿರುತ್ತದೆ.

ಸ್ಟಾರ್ಟಿಂಗ್ ಬ್ಲಾಕ್‌ನಿಂದ ಹೊರಡುವ ಓಟಗಾರ, ಕಟ್ಟೆಯಿಂದ ನೀರಿಗೆ ಚಿಮ್ಮುವ ಈಜುಪಟು ಮುಂತಾದವರು ನಿಶ್ಚಲ ಸ್ಥಿತಿಯಿಂದ ಬಲ ಹುಟ್ಟಿಸಬೇಕಾದವರು. ಅವರ ತರಬೇತಿಯಲ್ಲಿ ಸ್ಕ್ವಾಟ್ ಜಂಪ್‌ಗೆ ಖಚಿತ ಸ್ಥಾನವಿದೆ. ಉಳಿದ ಹೆಚ್ಚಿನವರಿಗೆ, ತಗ್ಗಿ ಏಳಲು ಸಮಯವಿರುವ ಆಟಗಳಲ್ಲಿ, ಕೌಂಟರ್‌ಮೂವ್‌ಮೆಂಟ್ ಜಂಪ್ ಮುಖ್ಯವಾಗಲಿ. ಎರಡರ ಎತ್ತರದ ಅಂತರವನ್ನೇ ಸ್ನಾಯುಗಳ ಸ್ಪ್ರಿಂಗ್ ಗುಣದ ಅಳತೆಯೆಂದು ನಂಬುವ ರೂಢಿಯೊಂದಿದೆ. ಈ ಓದು ಅಷ್ಟು ಭದ್ರವಲ್ಲ. ಅಂತರ ದೊಡ್ಡದಾಗಿದ್ದರೆ ಆ ಕ್ರೀಡಾಪಟು ತಗ್ಗುವಿಕೆಯನ್ನು ಚೆನ್ನಾಗಿ ಬಳಸುತ್ತಾನೆಂದೂ ಹೇಳಬಹುದು, ನಿಶ್ಚಲ ಸ್ಥಿತಿಯಿಂದ ಬಲ ಏರಿಸುವುದರಲ್ಲಿ ಆತ ತೀರ ನಿಧಾನಿ ಎಂದೂ ಹೇಳಬಹುದು. ಕೈ ಬೀಸಿದರೆ ಎತ್ತರ ಹತ್ತನೇ ಒಂದು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಏರುವುದರಿಂದ, ಪರೀಕ್ಷಿಸುವಾಗ ಕೈಗಳನ್ನು ಸೊಂಟದ ಮೇಲಿಟ್ಟುಕೊಳ್ಳುವುದು ಒಳ್ಳೆಯದು. ಅಭ್ಯಾಸದಲ್ಲಿ ಆಟಕ್ಕೆ ತಕ್ಕಂತೆ ಬೀಸಲು ಬಿಡಿ.

ಡ್ರಾಪ್ ಜಂಪ್: ಒಂದೇ ಹೆಸರಿನ ಎರಡು ವ್ಯಾಯಾಮಗಳು

ಎತ್ತರದಿಂದ ಇಳಿದು ಕೂಡಲೇ ಮೇಲೆ ಪುಟಿಯುವ ಈ ಕ್ರಮವನ್ನು ಸೋವಿಯತ್ ಒಕ್ಕೂಟದ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ ಆಘಾತ ವಿಧಾನವೆಂದು ಕರೆದು ಬೆಳೆಸಿದರು. ಇಂಥ ವ್ಯಾಯಾಮಗಳಿಗೆಲ್ಲ ಪ್ಲೈಯೊಮೆಟ್ರಿಕ್ಸ್ ಎಂಬ ಹೆಸರು ಕೊಟ್ಟವರು ಅಮೆರಿಕದ ಫ್ರೆಡ್ ವಿಲ್ಟ್, 1975ರಲ್ಲಿ. ಇಂದು ಪ್ರತಿಯೊಂದು ಜಿಮ್‌ನಲ್ಲೂ ಕಾಣುವ ಈ ವ್ಯಾಯಾಮದೊಳಗೆ ಎರಡು ಬೇರೆಬೇರೆ ಕೆಲಸಗಳು ಅಡಗಿವೆ, ಮತ್ತು ಅವುಗಳನ್ನು ಬೆರೆಸಿಬಿಡುವುದೇ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಾಣುವ ಗೊಂದಲ.

ಮೊದಲನೆಯದು ಪುಟಿಯುವ ಬಗೆ. ಪಾದ ನೆಲದ ಮೇಲಿರುವುದು ಕಾಲು ಸೆಕೆಂಡಿಗಿಂತ, ಅಂದರೆ 250 ಮಿಲಿಸೆಕೆಂಡಿಗಿಂತ ಕಡಿಮೆ. ಹಿಮ್ಮಡಿ ನೆಲವನ್ನು ತಾಕುವುದಿಲ್ಲ, ತಾಕಿದರೂ ಊರುವುದಿಲ್ಲ. ಮೊಣಕಾಲು ಸ್ವಲ್ಪವೇ ಮಡಚುತ್ತದೆ. ಕೆಲಸದ ದೊಡ್ಡ ಪಾಲು ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜುವಿನ ಮೇಲೆ ಬೀಳುತ್ತದೆ. ನೆಲಕ್ಕೆ ಬಡಿದ ರಬ್ಬರ್ ಚೆಂಡಿನಂತೆ ದೇಹ ಹೆಚ್ಚು ತಗ್ಗದೆಯೇ ದಿಕ್ಕು ಬದಲಿಸುತ್ತದೆ. ಎರಡನೆಯದು ತಗ್ಗುವ ಬಗೆ. ಇಲ್ಲಿ ಇಳಿದವರು ಮೊಣಕಾಲು ಮತ್ತು ಸೊಂಟವನ್ನು ಆಳವಾಗಿ ಮಡಚಿ, ಕಾಲು ಸೆಕೆಂಡಿಗಿಂತ ಹೆಚ್ಚು ಹೊತ್ತು ನೆಲದಲ್ಲಿದ್ದು, ಬಳಿಕ ಆದಷ್ಟು ಎತ್ತರಕ್ಕೆ ಜಿಗಿಯುತ್ತಾರೆ. ಇದು ತೊಡೆಯ ಮುಂಭಾಗದ ಸ್ನಾಯುಗಳಿಗೂ ಸೊಂಟದ ಸ್ನಾಯುಗಳಿಗೂ ಹೆಚ್ಚು ಕೆಲಸ ಕೊಡುತ್ತದೆ ಮತ್ತು ಸ್ವಭಾವದಲ್ಲಿ ಕೌಂಟರ್‌ಮೂವ್‌ಮೆಂಟ್ ಜಂಪ್‌ಗೆ ಹತ್ತಿರವಾಗಿದೆ.

ಒಂದೇ 40 ಸೆಂ.ಮೀ. ಬಾಕ್ಸ್‌ನಿಂದ ಇಬ್ಬರು ಇಳಿದರೆಂದುಕೊಳ್ಳೋಣ. ಒಬ್ಬಳು 0.20 ಸೆಕೆಂಡು ನೆಲದಲ್ಲಿದ್ದು 30 ಸೆಂ.ಮೀ. ಏರಿದಳು, ಇನ್ನೊಬ್ಬಳು 0.30 ಸೆಕೆಂಡು ನೆಲದಲ್ಲಿದ್ದು 36 ಸೆಂ.ಮೀ. ಏರಿದಳು. ಮೀಟರ್‌ನಲ್ಲಿ ಅಳೆದ ಎತ್ತರವನ್ನು ಸೆಕೆಂಡಿನಲ್ಲಿ ಅಳೆದ ನೆಲಸ್ಪರ್ಶದ ಕಾಲದಿಂದ ಭಾಗಿಸಿದರೆ ಸಿಗುವುದು ರಿಯಾಕ್ಟಿವ್ ಸ್ಟ್ರೆಂತ್ ಇಂಡೆಕ್ಸ್: ಮೊದಲನೆಯವಳದು 1.5, ಎರಡನೆಯವಳದು 1.2. ಸ್ಪ್ರಿಂಟ್, ಲಾಂಗ್ ಜಂಪ್ ಅಥವಾ ಹೈ ಜಂಪ್ ಮಾಡುವವರಾದರೆ ಮೊದಲನೆಯವಳ ಗುಣ ಅಮೂಲ್ಯ. ವಾಲಿಬಾಲ್ ಬಲೆಯ ಮುಂದೆ ನಿಂತಲ್ಲಿಂದ ಬ್ಲಾಕ್ ಮಾಡುವವರಿಗಾದರೆ ಎರಡನೆಯವಳ ಆರು ಸೆಂಟಿಮೀಟರೇ ಆಟವನ್ನು ತೀರ್ಮಾನಿಸಬಹುದು. ಇಂಡೆಕ್ಸ್ ಹೆಚ್ಚಿದ್ದವರು ಎಲ್ಲ ಆಟಗಳಿಗೂ ಮೇಲೆಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ. ಅಭ್ಯಾಸದಲ್ಲಿ ಕೊಡುವ ಸೂಚನೆಯೂ ಇದಕ್ಕೆ ತಕ್ಕಂತಿರಬೇಕು: "ನೆಲ ಬಿಸಿಯಾಗಿದೆ, ಬೇಗ ಬಿಡು" ಎಂದರೆ ಮೊದಲ ಬಗೆ ಬರುತ್ತದೆ, "ಆದಷ್ಟು ಎತ್ತರಕ್ಕೆ" ಎಂದರೆ ಎರಡನೆಯದು. ಸೂಚನೆ ಕೊಡದೆ ಬರಿಯ ಬಾಕ್ಸ್ ತೋರಿಸಿದರೆ ಪ್ರತಿಯೊಬ್ಬರೂ ತಮಗೆ ಒಗ್ಗಿದ್ದನ್ನೇ ಮಾಡುತ್ತಾರೆ.

ಬಾಕ್ಸ್‌ನ ಎತ್ತರ ನಿರ್ಧರಿಸುವುದಕ್ಕೆ ಒಳ್ಳೆಯ ಕ್ರಮವೆಂದರೆ 20 ಸೆಂ.ಮೀ.ನಿಂದ ಆರಂಭಿಸಿ ಹತ್ತು ಹತ್ತು ಸೆಂಟಿಮೀಟರ್ ಏರಿಸುತ್ತಾ, ಇಂಡೆಕ್ಸ್ ಇಳಿಯತೊಡಗಿದಲ್ಲಿ ಅಥವಾ ಹಿಮ್ಮಡಿ ಸದ್ದು ಮಾಡಿ ನೆಲಕ್ಕೆ ಬಡಿಯತೊಡಗಿದಲ್ಲಿ ಒಂದು ಮೆಟ್ಟಿಲು ಹಿಂದೆ ಸರಿಯುವುದು. ಪುಟಿಯುವಿಕೆ ಕೈಗೂಡಬೇಕಾದರೆ ಪಾದ ನೆಲ ಮುಟ್ಟುವ ಮೊದಲೇ ಮೀನಖಂಡ ಬಿಗಿಗೊಂಡಿರಬೇಕು. ಅಳತೆ ಮೀರಿದ ಎತ್ತರದಲ್ಲಿ ಆ ಬಿಗಿ ಸಡಿಲುತ್ತದೆ, ಪುಟಿತದ ಜಾಗದಲ್ಲಿ ಬರಿಯ ಕುಸಿತ ಉಳಿಯುತ್ತದೆ. ವೆರ್ಖೊಶಾನ್‌ಸ್ಕಿ 75 ಸೆಂ.ಮೀ. ಮತ್ತು 110 ಸೆಂ.ಮೀ.ಗಳನ್ನು ಹೇಳಿದ್ದುಂಟು, ಆದರೆ ಅವರ ಎದುರಿಗಿದ್ದವರು ವರ್ಷಗಟ್ಟಲೆ ಭಾರ ಎತ್ತಿ ಗಟ್ಟಿಯಾದ ಉನ್ನತ ಮಟ್ಟದ ಪಟುಗಳು. ಆ ಸಂಖ್ಯೆಗಳನ್ನು ಶಾಲಾ ತಂಡದ ಅಭ್ಯಾಸಕ್ಕೆ ತರುವುದರಲ್ಲಿ ಅರ್ಥವಿಲ್ಲ. ದೇಹತೂಕ 100 ಕಿಲೊ ಮೀರಿದವರಿಗೆ 46 ಸೆಂ.ಮೀ.ಗಿಂತ ಎತ್ತರ ಬೇಡವೆಂಬುದು ಅಮೆರಿಕದ ರಾಷ್ಟ್ರೀಯ ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಸಂಘದ ಹಳೆಯ ಸಲಹೆ. ಅದು ಇಂದಿಗೂ ಪಾಲಿಸಲು ಯೋಗ್ಯ. ಇನ್ನೊಂದು ಚಿಕ್ಕ ವಿಷಯ: ಬಾಕ್ಸ್‌ನಿಂದ ಕಾಲು ಮುಂದಿಟ್ಟು ಜಾರುವವರೂ ಇದ್ದಾರೆ, ಮೇಲಕ್ಕೆ ಸ್ವಲ್ಪ ಹಾರಿ ಇಳಿಯುವವರೂ ಇದ್ದಾರೆ, ಹೊರಡುವ ಮುನ್ನವೇ ಮೊಣಕಾಲು ತಗ್ಗಿಸುವವರೂ ಇದ್ದಾರೆ. ಹಾಗಾಗಿ ಬಾಕ್ಸ್‌ನ ಎತ್ತರ ಒಂದಾದರೆ ನಿಜವಾದ ಬೀಳುವಿಕೆಯ ಎತ್ತರ ಇನ್ನೊಂದಾಗಿರುತ್ತದೆ.

ಬಾಕ್ಸ್ ಮೇಲೆ ಹತ್ತುವುದೋ, ಬಾಕ್ಸ್‌ನಿಂದ ಇಳಿಯುವುದೋ

ಬಾಕ್ಸ್ ಜಂಪ್‌ನ ಗುಣವೆಂದರೆ ಪೂರ್ಣ ಬಲದಿಂದ ಜಿಗಿದರೂ ಲ್ಯಾಂಡಿಂಗ್ ಹಗುರವಾಗಿರುವುದು, ಏಕೆಂದರೆ ಏರಿದ ದೇಹ ಬಾಕ್ಸ್‌ನ ಮೇಲೆ ನಿಲ್ಲಲು ಸ್ವಲ್ಪವೇ ಇಳಿಯುತ್ತದೆ. ಹೊಸಬರಿಗೆ, ದಣಿದವರಿಗೆ, ಸ್ಪರ್ಧೆಯ ಋತುವಿನ ನಡುವೆ ಕಾಲಿಗೆ ಹೆಚ್ಚು ಹೊಡೆತ ಬೇಡವೆನ್ನುವವರಿಗೆ ಇದು ಒಳ್ಳೆಯ ಆಯ್ಕೆ. ಆದರೆ ಬಾಕ್ಸ್‌ನ ಎತ್ತರವನ್ನು ಜಿಗಿತದ ಎತ್ತರವೆಂದು ಭಾವಿಸಬಾರದು. ಗುರುತ್ವ ಕೇಂದ್ರವನ್ನು 30 ಸೆಂ.ಮೀ. ಮಾತ್ರ ಏರಿಸಬಲ್ಲವರೂ ಮೊಣಕಾಲನ್ನು ಎದೆಯತ್ತ ಸೆಳೆದುಕೊಂಡು 70 ಸೆಂ.ಮೀ. ಬಾಕ್ಸ್ ಏರಬಲ್ಲರು. ಅಲ್ಲಿ ಅಳತೆಯಾಗುವುದು ಸೊಂಟದ ಮಡಚುವಿಕೆ. ಬಾಕ್ಸ್ ಮೇಲೆ ನಿಂತಾಗಿನ ಬಾಗು ಜಿಗಿಯುವ ಮುನ್ನ ತಗ್ಗಿದ್ದಕ್ಕಿಂತ ಆಳವಾಗಿದ್ದರೆ ಬಾಕ್ಸ್ ಇಳಿಸಿ. ಮತ್ತು ಇಳಿಯುವಾಗ ಹಾರದೆ ಒಂದೊಂದೇ ಕಾಲಿಟ್ಟು ಇಳಿಯಿರಿ, ಇಲ್ಲವಾದರೆ ಉಳಿಸಿದ ಹೊಡೆತವೆಲ್ಲ ಅಲ್ಲೇ ಮರಳುತ್ತದೆ.

ಬಾಕ್ಸ್‌ನಿಂದ ಇಳಿದು ಅಲ್ಲಾಡದೆ ನಿಲ್ಲುವ ಡ್ರಾಪ್ ಲ್ಯಾಂಡಿಂಗ್ ಇದಕ್ಕೆ ವಿರುದ್ಧವಾದುದು: ಜಿಗಿತವಿಲ್ಲ, ಹೀರಿಕೊಳ್ಳುವಿಕೆ ಮಾತ್ರ. ನೋಡಲು ನೀರಸವಾದ ಈ ವ್ಯಾಯಾಮವನ್ನು ತಂಡಗಳು ಬೇಗನೆ ಕೈಬಿಡುತ್ತವೆ. ಜಿಗಿತಕ್ಕೆ ಹೊಸದಾಗಿ ಬಂದವರಿಗೆ ಎರಡರಲ್ಲಿ ಒಂದನ್ನೇ ಕೊಡಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ಮೆತ್ತಗೆ ಇಳಿಯುವುದೋ, ಬಿಗಿಯಾಗಿ ಇಳಿಯುವುದೋ

1992ರಲ್ಲಿ ಸಂಶೋಧಕರಾದ ಡೆವೀಟಾ ಮತ್ತು ಸ್ಕೆಲಿ ನಡೆಸಿದ ಅಧ್ಯಯನ ಈ ಹೋಲಿಕೆಗೆ ಇಂದಿಗೂ ಆಧಾರ. ಇಳಿದಾಗ ಮೊಣಕಾಲು 90 ಡಿಗ್ರಿಗಿಂತ ಹೆಚ್ಚು ಮಡಚಿದರೆ ಮೆತ್ತನೆಯ, ಅದಕ್ಕಿಂತ ಕಡಿಮೆ ಮಡಚಿದರೆ ಬಿಗಿಯಾದ ಲ್ಯಾಂಡಿಂಗ್ ಎಂದು ಅವರು ವಿಭಾಗಿಸಿದರು. ಮೆತ್ತನೆಯದರಲ್ಲಿ ಸೊಂಟ ಮತ್ತು ಮೊಣಕಾಲಿನ ಸ್ನಾಯುಗಳು ಹೆಚ್ಚು ಚಲನಶಕ್ತಿಯನ್ನು ಹೀರಿಕೊಂಡವು. ಬಿಗಿಯಾದುದರಲ್ಲಿ ಪಾದದ ಕೀಲಿನ ಪಾಲು ಹೆಚ್ಚಿತು, ಸ್ನಾಯುಗಳು ಒಟ್ಟಾರೆ ಹೀರಿಕೊಂಡದ್ದು ಕಡಿಮೆಯಾಯಿತು. ಸ್ನಾಯುಗಳು ಹೀರಿಕೊಳ್ಳದ ಶಕ್ತಿ ಮೂಳೆ, ಮೃದ್ವಸ್ಥಿ, ಅಸ್ಥಿರಜ್ಜುಗಳ ಪಾಲಾಗುತ್ತದೆ.

ಮೊಣಕಾಲಿನ ಮುಂಭಾಗದ ಕ್ರೂಸಿಯೇಟ್ ಅಸ್ಥಿರಜ್ಜು, ಅಂದರೆ ಎಸಿಎಲ್, ಹರಿಯುವ ಘಟನೆಗಳ ವಿಡಿಯೊ ವಿಶ್ಲೇಷಣೆಗಳು ಹೇಳುವಂತೆ ಗಾಯ ಆಗುವುದು ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನೊಳಗೆ. ಎಚ್ಚರಗೊಂಡು ಸರಿಪಡಿಸಿಕೊಳ್ಳಲು ಮನುಷ್ಯನಿಗೆ ನೂರಕ್ಕೂ ಹೆಚ್ಚು ಮಿಲಿಸೆಕೆಂಡು ಬೇಕು. ಆದ್ದರಿಂದ ಲ್ಯಾಂಡಿಂಗ್‌ನ ಒಳಿತು ಕೆಡುಕು ಬಹುಪಾಲು ಗಾಳಿಯಲ್ಲಿರುವಾಗಲೇ ತೀರ್ಮಾನವಾಗಿರುತ್ತದೆ: ಮೊಣಕಾಲು ಆಗಲೇ ಸ್ವಲ್ಪ ಬಾಗಿದೆಯೇ, ತೊಡೆಯ ಹಿಂಭಾಗದ ಸ್ನಾಯುಗಳು ಆಗಲೇ ಬಿಗಿದಿವೆಯೇ, ಮುಂಡ ಎತ್ತ ವಾಲಿದೆ. ಬಹುತೇಕ ನೇರವಾದ ಮೊಣಕಾಲು ಒಳಕ್ಕೆ ಕುಸಿಯುವುದು ಅಪಾಯದ ಭಂಗಿ. ಹೆಣ್ಣುಮಕ್ಕಳಲ್ಲಿ ಇಂಥ ಗಾಯದ ಪ್ರಮಾಣ ಅದೇ ಆಟವಾಡುವ ಗಂಡಸರಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ ಅವರ ತರಬೇತಿಯಲ್ಲಿ ಈ ಭಾಗವನ್ನು ಐಚ್ಛಿಕವೆಂದು ಬಿಡುವಂತಿಲ್ಲ. ಮುಂಡವನ್ನು ತುಸು ಮುಂದಕ್ಕೆ ಬಾಗಿಸಿ ಇಳಿದರೆ ಭಾರ ಸೊಂಟದ ಸ್ನಾಯುಗಳಿಗೆ ಹಂಚಿಹೋಗುತ್ತದೆ. ನೆಟ್ಟಗೆ ಕುಳಿತಂತೆ ಇಳಿದರೆ ಮಂಡಿಚಿಪ್ಪಿನ ಸ್ನಾಯುರಜ್ಜು ಹೆಚ್ಚು ಹೊರಬೇಕಾಗುತ್ತದೆ. ಈ ಹೊರೆ ಸಣ್ಣದಲ್ಲ. 2005ರ ಒಂದು ಅಧ್ಯಯನದಲ್ಲಿ ಉನ್ನತ ಮಟ್ಟದ ವಾಲಿಬಾಲ್ ಆಟಗಾರರಲ್ಲಿ ಶೇ. 45, ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಶೇ. 32 ಮಂದಿಗೆ ಜಂಪರ್ಸ್ ನೀ ಎಂಬ ಈ ರಜ್ಜುವಿನ ನೋವು ಇತ್ತು.

ಇಷ್ಟಾದರೂ ಬಿಗಿಯಾದ ಲ್ಯಾಂಡಿಂಗ್ ಎಂದರೆ ತಪ್ಪು ಲ್ಯಾಂಡಿಂಗ್ ಎಂದು ತೀರ್ಪು ಕೊಡಲಾಗದು. ಆಳಕ್ಕೆ ಬಾಗಿದವರು ಮತ್ತೆ ಏಳುವುದಕ್ಕೆ ಸಮಯ ತೆಗೆದುಕೊಳ್ಳುತ್ತಾರೆ. ರಿಬೌಂಡ್‌ಗಾಗಿ ಎರಡನೆಯ ಸಲ ಜಿಗಿಯಬೇಕಾದ ಬಾಸ್ಕೆಟ್‌ಬಾಲ್ ಆಟಗಾರನಿಗೆ ಆ ಸಮಯವಿರುವುದಿಲ್ಲ. ಜಿಮ್ನಾಸ್ಟಿಕ್ಸ್‌ನಲ್ಲಿ ಇಳಿದ ಮೇಲೆ ಇಟ್ಟ ಸಣ್ಣ ಹೆಜ್ಜೆಗೂ 0.1 ಅಂಕ ಕಳೆಯುತ್ತಾರೆ, ಹೀಗಾಗಿ ಅವರು ಬಿಗಿಯಾಗಿ ಅಂಟಿ ನಿಲ್ಲುವುದನ್ನೇ ಕಲಿಯಬೇಕು. ಟ್ರಿಪಲ್ ಜಂಪ್‌ನಲ್ಲಿ ಎರಡು ಸಲದ ಇಳಿತವೂ ಮುಂದಿನ ಜಿಗಿತದ ಆರಂಭವೇ, ಮತ್ತು ಆಗ ಒಂದೇ ಕಾಲಿನ ಮೇಲೆ ಬೀಳುವ ಗರಿಷ್ಠ ಬಲ ದೇಹತೂಕದ ಹತ್ತು ಪಟ್ಟನ್ನೂ ಮೀರಬಲ್ಲದು. 1995ರಲ್ಲಿ ಜೊನಾಥನ್ ಎಡ್ವರ್ಡ್ಸ್ 18.29 ಮೀಟರ್ ಹಾರಿದ್ದನ್ನು ನೋಡಿದವರು ಆತ ಎಲ್ಲೂ ಕುಸಿಯದೆ, ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನಷ್ಟು ವೇಗ ಉಳಿಸಿಕೊಂಡು ಸಾಗಿದ್ದನ್ನು ಗಮನಿಸಿರಬಹುದು. ನನ್ನ ಸಲಹೆ ಹೀಗಿದೆ: ಕಲಿಕೆಯ ಹಂತದಲ್ಲಿ ಮತ್ತು ಹೆಚ್ಚು ಸಂಖ್ಯೆಯ ಜಿಗಿತಗಳಿರುವ ದಿನ ಮೆತ್ತನೆಯ ಲ್ಯಾಂಡಿಂಗ್, ಆಟ ಬೇಡುವ ಬಿಗಿಯನ್ನು ಕಡಿಮೆ ಸಂಖ್ಯೆಯಲ್ಲಿ, ತಾಜಾ ಕಾಲಿನಲ್ಲಿ.

ಕಲಿಸುವ ವಿಧಾನಗಳಲ್ಲೂ ಆಯ್ಕೆಯಿದೆ. "ಮೊಣಕಾಲನ್ನು ಇಷ್ಟು ಡಿಗ್ರಿ ಬಾಗಿಸು" ಎಂಬ ದೇಹದ ಅಂಗವನ್ನು ಕುರಿತ ಸೂಚನೆಗಿಂತ "ಸದ್ದಾಗದಂತೆ ಇಳಿ" ಎಂಬ ಸೂಚನೆ ಹೆಚ್ಚು ಕೆಲಸ ಮಾಡುತ್ತದೆ. ಸದ್ದು ಆಟಗಾರನಿಗೆ ತಕ್ಷಣ ಸಿಗುವ ಉತ್ತರ, ಅದಕ್ಕೆ ಯಂತ್ರ ಬೇಕಿಲ್ಲ. ಪರಿಶೀಲನೆಗೆ ಇಳಿಯುವಾಗಿನ ತಪ್ಪುಗಳನ್ನು ಎಣಿಸುವ ಲ್ಯಾಂಡಿಂಗ್ ಎರರ್ ಸ್ಕೋರಿಂಗ್ ಸಿಸ್ಟಮ್ ಸಾಕು. 30 ಸೆಂ.ಮೀ. ಬಾಕ್ಸ್‌ನಿಂದ ತನ್ನ ಎತ್ತರದ ಅರ್ಧದಷ್ಟು ದೂರಕ್ಕೆ ಹಾರಿ, ಇಳಿದೊಡನೆ ಮೇಲೆ ಜಿಗಿಯಲು ಹೇಳಿ, ಮುಂದಿನಿಂದಲೂ ಪಕ್ಕದಿಂದಲೂ ವಿಡಿಯೊ ತೆಗೆದು 17 ಅಂಶಗಳನ್ನು ನೋಡುತ್ತಾರೆ.

ಎರಡು ಕಾಲು, ಒಂದು ಕಾಲು, ಮರಳು, ಹುಲ್ಲು

ಒಂದು ಕಾಲಿನ ಜಿಗಿತದ ಎತ್ತರ ಎರಡು ಕಾಲಿನ ಜಿಗಿತದ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ, ಅಂದರೆ ಆ ಒಂದು ಕಾಲು ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತದೆ. ಬ್ಯಾಡ್ಮಿಂಟನ್‌ನಲ್ಲಿ ಬ್ಯಾಕ್‌ಹ್ಯಾಂಡ್ ಕಡೆಯ ತಲೆಯ ಮೇಲಿನ ಹೊಡೆತದ ಬಳಿಕ ರ‍್ಯಾಕೆಟ್ ಕೈಗೆ ಎದುರಾದ ಕಾಲಿನ ಮೇಲೆ ಇಳಿಯುವಾಗ ಎಸಿಎಲ್ ಗಾಯಗಳಾಗುವುದು ಗೊತ್ತಿರುವ ಸಂಗತಿ. ಅಂಥ ಆಟಗಾರರು ಎರಡು ಕಾಲಿನ ಬಾಕ್ಸ್ ಅಭ್ಯಾಸದಲ್ಲೇ ಉಳಿದುಬಿಟ್ಟರೆ ಸಿದ್ಧತೆ ಅಪೂರ್ಣ. ಎರಡು ಕಾಲಿನಲ್ಲಿ ಸ್ಥಿರವಾಗಿ ಇಳಿಯುವುದು ಬಂದ ಮೇಲೆ ಒಂದು ಕಾಲಿಗೆ, ಆಮೇಲೆ ಪಕ್ಕಕ್ಕೆ, ಕೊನೆಗೆ ಚೆಂಡು ನೋಡುತ್ತಾ ಇಳಿಯುವುದಕ್ಕೆ ಹೋಗಬೇಕು.

ಮರಳಿನ ಮೇಲೆ ಜಿಗಿತ ತಗ್ಗುತ್ತದೆ, ಶ್ರಮ ಹೆಚ್ಚುತ್ತದೆ, ಮರುದಿನದ ಸ್ನಾಯು ನೋವು ಕಡಿಮೆ. ಪುಟಿಯುವ ಗುಣ ಬೆಳೆಸಲು ಹುಲ್ಲು ಅಥವಾ ಟ್ರ್ಯಾಕ್ ಮೇಲು. ಕಾಂಕ್ರೀಟ್ ಯಾವುದಕ್ಕೂ ಬೇಡ.

ಪ್ರಮಾಣದ ವಿಷಯದಲ್ಲಿ ಹೊಸಬರಿಗೆ ಒಂದು ಅಭ್ಯಾಸದಲ್ಲಿ 80ರಿಂದ 100, ನುರಿತವರಿಗೆ 120ರಿಂದ 140 ನೆಲಸ್ಪರ್ಶಗಳು, ಎರಡು ಅಭ್ಯಾಸಗಳ ನಡುವೆ 48ರಿಂದ 72 ಗಂಟೆ ಬಿಡುವು ಎಂಬ ರೂಢಿಯ ಮಿತಿ ಸರಿಯಾಗಿಯೇ ಇದೆ. ಆದರೆ ನೂರು ಹಗ್ಗದಾಟದ ಕುಪ್ಪಳಿಕೆಗಳೂ ನೂರು ಡ್ರಾಪ್ ಜಂಪ್‌ಗಳೂ ಒಂದೇ ಅಲ್ಲ; ವಾಲಿಬಾಲ್ ಅಭ್ಯಾಸದಲ್ಲೇ ನೂರಾರು ಸಲ ಜಿಗಿದವರಿಗೆ ಅದೇ ದಿನ ಮತ್ತೆ ನೂರು ಸೇರಿಸುವುದು ಸಲ್ಲದು. ಸ್ಕ್ವಾಟ್‌ನಲ್ಲಿ ಭಾರ ಎತ್ತಿ ಅಭ್ಯಾಸವೇ ಇಲ್ಲದವರು ಮೊದಲ ಕೆಲವು ತಿಂಗಳು ಬಲ ಬೆಳೆಸಿಕೊಂಡರೆ ಜಿಗಿತವೂ ಏರುತ್ತದೆ, ಇಳಿಯುವ ಕಾಲೂ ಗಟ್ಟಿಯಾಗುತ್ತದೆ.

ಅಳೆಯುವ ಸಾಧನ

ಪಾದ ನೆಲ ಬಿಟ್ಟ, ಮುಟ್ಟಿದ ಕ್ಷಣಗಳನ್ನು ಗುರುತಿಸುವ ಕಾಂಟ್ಯಾಕ್ಟ್ ಮ್ಯಾಟ್ ಮತ್ತು ಫೋನ್ ಆ್ಯಪ್ ಎರಡೂ ಗಾಳಿಯಲ್ಲಿದ್ದ ಕಾಲದಿಂದ ಎತ್ತರವನ್ನು ಲೆಕ್ಕಹಾಕುತ್ತವೆ: ಕಾಲದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಬೇಕು. ಅರ್ಧ ಸೆಕೆಂಡು ಗಾಳಿಯಲ್ಲಿದ್ದರೆ 30.7 ಸೆಂ.ಮೀ. ಸೆಕೆಂಡಿಗೆ 30 ಚೌಕಟ್ಟುಗಳ ಸಾಧಾರಣ ವಿಡಿಯೊದಲ್ಲಿ ಒಂದೇ ಚೌಕಟ್ಟು ತಪ್ಪಿದರೂ ಈ ಉತ್ತರ ಸುಮಾರು 4 ಸೆಂ.ಮೀ. ಆಚೀಚೆಯಾಗುತ್ತದೆ, 240 ಚೌಕಟ್ಟುಗಳ ಸ್ಲೋ ಮೋಷನ್‌ನಲ್ಲಿ ತಪ್ಪು ಸುಮಾರು ಅರ್ಧ ಸೆಂಟಿಮೀಟರ್‌ಗೆ ಇಳಿಯುತ್ತದೆ. ಹಾಗಾಗಿ ಒಳ್ಳೆಯ ಫೋನ್ ಇರುವ ತಂಡಕ್ಕೆ ಮ್ಯಾಟ್ ಅಗತ್ಯವಿಲ್ಲ. ಎರಡರಲ್ಲೂ ವಂಚನೆಗೆ ಒಂದೇ ದಾರಿ: ಮೊಣಕಾಲು ಮಡಚಿಕೊಂಡು ಇಳಿದವರು ಗಾಳಿಯಲ್ಲಿ ಹೆಚ್ಚು ಹೊತ್ತು ಉಳಿದು ಇಲ್ಲದ ಎತ್ತರವನ್ನು ಗಳಿಸುತ್ತಾರೆ. ಫೋರ್ಸ್ ಪ್ಲೇಟ್ ನೆಲದ ಬಲವನ್ನೇ ಅಳೆಯುವುದರಿಂದ ಈ ಮೋಸಕ್ಕೆ ಸಿಕ್ಕುವುದಿಲ್ಲ, ಎಡಬಲ ಕಾಲುಗಳ ವ್ಯತ್ಯಾಸವನ್ನೂ ತೋರಿಸುತ್ತದೆ. ಗಾಯದಿಂದ ಮರಳುವವರ ಜೊತೆ ಕೆಲಸ ಮಾಡುವವರಿಗೆ ಮಾತ್ರ ಅದರ ಖರ್ಚು ಸಾರ್ಥಕ.

ಹಾಗೆ ಮರಳುವವರಿಗೆ ಒಂದು ಕಾಲಿನಲ್ಲಿ ಮುಂದಕ್ಕೆ ಕುಪ್ಪಳಿಸಿದ ದೂರವನ್ನು ಇನ್ನೊಂದು ಕಾಲಿನದರ ಜೊತೆ ಹೋಲಿಸಿ, ಶೇ. 90 ಮುಟ್ಟಿದರೆ ಸರಿಯೆನ್ನುವ ಪರೀಕ್ಷೆ ಎಲ್ಲೆಡೆ ಬಳಕೆಯಲ್ಲಿದೆ. ಮುಂದಕ್ಕೆ ಕುಪ್ಪಳಿಸುವಾಗ ದೇಹವನ್ನು ನೂಕುವ ಕೆಲಸದಲ್ಲಿ ಸೊಂಟ ಮತ್ತು ಪಾದದ ಕೀಲಿನದೇ ದೊಡ್ಡ ಪಾಲು, ಮೊಣಕಾಲಿನದು ಚಿಕ್ಕದು. ಆದ್ದರಿಂದ ಇನ್ನೂ ಬಲ ಮರಳದ ಮೊಣಕಾಲು ಈ ಪರೀಕ್ಷೆಯನ್ನು ಸುಲಭವಾಗಿ ದಾಟಿಬಿಡಬಹುದು. ಒಂದು ಕಾಲಿನಲ್ಲಿ ನೇರ ಮೇಲಕ್ಕೆ ಜಿಗಿಯುವಾಗ ಮೊಣಕಾಲಿನ ಪಾಲು ಬಹಳ ಹೆಚ್ಚು. ಎರಡರಲ್ಲಿ ಒಂದನ್ನು ಮಾತ್ರ ಮಾಡಲು ಸಮಯವಿದ್ದರೆ ಈ ಎರಡನೆಯದನ್ನು ಆರಿಸಿ, ಮತ್ತು ಏರಿದ ಎತ್ತರದ ಜೊತೆಗೆ ಅದೇ ಕಾಲಿನ ಮೇಲೆ ಇಳಿಯುವ ರೀತಿಯನ್ನೂ ವಿಡಿಯೊದಲ್ಲಿ ನೋಡಿ.